ಸುಟ್ಟ ಸೇಬಿನ ಸಂಘ

1900ನೇ ಇಸವಿಯ ನವೆಂಬರ್ 30ರಂದು ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ ಏಳು ಜನ ಕೂತು ಒಂದು ಸಂಘ ಕಟ್ಟಿದರು. ಕಚೇರಿ ಕೃಷಿ ಇಲಾಖೆಯ ಅರಣ್ಯ ವಿಭಾಗದ್ದು. ಅದರ ಮುಖ್ಯಸ್ಥ ಗಿಫರ್ಡ್ ಪಿಂಚೋ, ಆಗ ಅವನಿಗೆ ಮೂವತ್ತೈದು ವರ್ಷ. ಹೆನ್ರಿ ಗ್ರೇವ್ಸ್, ಓವರ್ಟನ್ ಪ್ರೈಸ್, ಎಡ್ವರ್ಡ್ ಆಲನ್, ವಿಲಿಯಂ ಹಾಲ್, ರಾಲ್ಫ್ ಹಾಸ್ಮರ್, ಥಾಮಸ್ ಶೆರಾರ್ಡ್ ಉಳಿದ ಆರು ಜನ. ಎಲ್ಲರೂ ಅವನ ಜೊತೆ ಕಾಡು ಸುತ್ತಿದವರು. ಸಂಘಕ್ಕೆ ‘ಸೊಸೈಟಿ ಆಫ್ ಅಮೆರಿಕನ್ ಫಾರೆಸ್ಟರ್ಸ್’ ಎಂದು ಹೆಸರಿಟ್ಟರು. ಸಾಹೇಬರೇ ಮುಂದೆ ನಿಂತು ಕಟ್ಟಿದ ಸಂಘ ನಮ್ಮ ಕಡೆಯದಾಗಿದ್ದರೆ ಮೊದಲ ಠರಾವು ಸಾಹೇಬರಿಗೆ ಅಭಿನಂದನೆ, ಎರಡನೆಯದು ವೇತನ ಪರಿಷ್ಕರಣೆ ಆಗಿರುತ್ತಿತ್ತು. ಇದನ್ನು ಚೇಷ್ಟೆಗೆ ಹೇಳುತ್ತಿಲ್ಲ. ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ರೇಂಜುಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಸವೆದವನು ನಾನು. ಅದರಲ್ಲಿ ಕೆಲವು ವರ್ಷ ನೌಕರರ ಸಂಘದ ಠರಾವು ಪುಸ್ತಕ ನನ್ನ ಕೈಯಲ್ಲೇ ಇತ್ತು.

ಪಿಂಚೋನ ಆತ್ಮಕತೆ ಅವನು ತೀರಿಕೊಂಡ ಮರುವರ್ಷ, 1947ರಲ್ಲಿ, ಅಚ್ಚಾಯಿತು. ನಾನು ಅದನ್ನು ಓದಿದ್ದು ಕೊಯಮತ್ತೂರಿನ ರೇಂಜರ್ಸ್ ಕಾಲೇಜಿನಲ್ಲಿ. 1912ರಲ್ಲಿ ಮದ್ರಾಸ್ ಫಾರೆಸ್ಟ್ ಕಾಲೇಜೆಂದು ಶುರುವಾದ ಸಂಸ್ಥೆ ಅದು. ನಮ್ಮ ಕಡೆಯ ಎಷ್ಟೋ ರೇಂಜರುಗಳು ಅಲ್ಲಿ ಬೆಳಿಗ್ಗೆ ಪರೇಡು ಮಾಡಿ, ಆಮೇಲೆ ಗಾಸ್ ಮ್ಯೂಸಿಯಮ್ಮಿನ ಮರದ ತುಂಡುಗಳ ಮುಂದೆ ನಿಂತು ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿ ಬಂದವರೇ. ದಪ್ಪ ಪುಸ್ತಕ, ಅರ್ಧ ಜಗಳ, ಅರ್ಧ ಜಂಬ. ಆದರೂ ನಾನು ಬಿಡದೆ ಓದಿದ್ದಕ್ಕೆ ಒಂದು ಕಾರಣವಿತ್ತು: ಪುಸ್ತಕದ ಮೊದಲ ಭಾಗದಲ್ಲೇ ನಮ್ಮ ಇಲಾಖೆಯ ಮೂಲಪುರುಷ ಎದುರಾಗುತ್ತಾನೆ.

1889ರಲ್ಲಿ ಯೇಲ್‌ನಲ್ಲಿ ಪದವಿ ಮುಗಿಸಿದ ಪಿಂಚೋ ಕಾಡಿನ ಕೆಲಸ ಕಲಿಯಬೇಕೆಂದು ಯೂರೋಪಿಗೆ ಹೊರಟ. ಅವನ ದೇಶದಲ್ಲಿ ಆಗ ಅದನ್ನು ಕಲಿಸುವ ಒಂದು ಶಾಲೆಯೂ ಇರಲಿಲ್ಲ. ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ, ಭಾರತಕ್ಕೆ ಅರಣ್ಯಾಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಕಾಲೇಜಿನಲ್ಲಿ, ಅವನಿಗೆ ವಿಲಿಯಂ ಶ್ಲಿಚ್ ಸಿಕ್ಕಿದ. 1875ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆ ಹೊರಡಿಸಿದವನು ಇದೇ ಶ್ಲಿಚ್. ಅಲ್ಲಿಂದ ಮುಂದೆ ಜರ್ಮನಿಯ ಬಾನ್‌ ಊರಿನಲ್ಲಿ ಸರ್ ಡೀಟ್ರಿಚ್ ಬ್ರಾಂಡಿಸ್‌ನ ಭೇಟಿ. ಬ್ರಾಂಡಿಸ್ 1864ರಿಂದ 1883ರ ತನಕ ಭಾರತದ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಫ್ ಫಾರೆಸ್ಟ್ಸ್. ನಮ್ಮ ಮೈಸೂರಿನ ಅರಣ್ಯ ಇಲಾಖೆ ಹುಟ್ಟಿದ್ದೂ ಅದೇ 1864ರ ಜನವರಿಯಲ್ಲಿ.

ಅದಕ್ಕೂ ಮೊದಲು, 1856ರಲ್ಲಿ, ಬ್ರಾಂಡಿಸ್ ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡಿಗೆ ಮೇಲ್ವಿಚಾರಕನಾಗಿ ಬಂದಿದ್ದ. ಎಷ್ಟು ತೇಗವಿದೆ, ವರ್ಷಕ್ಕೆ ಎಷ್ಟು ಕಡಿಯಬಹುದು ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಈ ಮನುಷ್ಯ ಆನೆಯ ಮೇಲೆ ಕೂತು ಗುಡ್ಡದ ನೆತ್ತಿ ಹಿಡಿದು ಹೋಗುವುದು, ಎಡಬಲಕ್ಕೆ ಕಂಡ ತೇಗದ ಮರಗಳನ್ನು ದಪ್ಪದ ಪ್ರಕಾರ ವಿಂಗಡಿಸಿ, ಕೈಯಲ್ಲಿದ್ದ ಬಿದಿರಿನ ತುಂಡುಗಳ ಮೇಲೆ ಚಾಕುವಿನಿಂದ ಕಚ್ಚು ಹಾಕುವುದು. ಒಂದೊಂದು ಗಾತ್ರಕ್ಕೆ ಒಂದೊಂದು ತುಂಡು. ಕಾಗದ ಮಳೆಗೆ ನೆನೆದು ಹೋಗುತ್ತದೆ, ಬಿದಿರಿಗೆ ಏನೂ ಆಗುವುದಿಲ್ಲ. ಸಂಜೆ ಡೇರೆಗೆ ಬಂದು ಕಚ್ಚು ಎಣಿಸಿದರೆ ಆ ದಿನದ ಲೆಕ್ಕ ಕೈಗೆ ಬಂತು. ಹಳಿಯಾಳದ ಮರ ಕಡಿಯುವ ಕೂಪಿನಲ್ಲಿ ಸುರಿಯುವ ಜುಲೈ ತಿಂಗಳಲ್ಲಿ ಎಣಿಕೆ ಪುಸ್ತಕವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡಾಡಿದವರಿಗೆ ಈ ಬಿದಿರಿನ ಬೆಲೆ ತಿಳಿಯುತ್ತದೆ. ಇದನ್ನು ಓದಿದ ಮೇಲೆ ಬ್ರಾಂಡಿಸ್ ನನಗೆ ಗೋಡೆಯ ಮೇಲಿನ ಗಡ್ಡದ ಪಟವಾಗಿ ಉಳಿಯಲಿಲ್ಲ.

ಫ್ರಾನ್ಸಿನ ನಾನ್ಸಿ ಶಾಲೆಗೆ ಪಿಂಚೋನನ್ನು ಕಳಿಸಿದವನು ಬ್ರಾಂಡಿಸ್. ಮರುವರ್ಷ ಕೂಪರ್ಸ್ ಹಿಲ್ ಹುಡುಗರ ಜೊತೆ ಜರ್ಮನಿ, ಸ್ವಿಟ್ಜರ್ಲೆಂಡುಗಳ ಕಾಡು ಸುತ್ತಿಸಿದವನೂ ಅವನೇ. ಭಾರತಕ್ಕೆ ಬರಬೇಕಿದ್ದ ಆ ಹುಡುಗರ ಸಾಲಿನಲ್ಲಿ ಅಮೆರಿಕದ ಒಬ್ಬ ಶ್ರೀಮಂತರ ಮಗ ನೋಟುಬುಕ್ ಹಿಡಿದು ನಡೆದಿದ್ದ ಎನ್ನುವುದು ನನಗೆ ಈಗಲೂ ಬೆರಗಿನ ಸಂಗತಿ. 1895ರಲ್ಲಿ ಉತ್ತರ ಕರೊಲೈನಾದ ಬಿಲ್ಟ್‌ಮೋರ್ ಎಸ್ಟೇಟಿನಲ್ಲಿ ಕಾಡಿನ ಉಸ್ತುವಾರಿ ನೋಡುತ್ತಿದ್ದ ಪಿಂಚೋನ ಜಾಗಕ್ಕೆ ಕಾರ್ಲ್ ಶೆಂಕ್ ಎಂಬ ಜರ್ಮನ್ ಯುವಕ ಬಂದದ್ದೂ ಬ್ರಾಂಡಿಸ್‌ನ ಶಿಫಾರಸಿನಿಂದಲೇ. ಶೆಂಕ್ ಅಲ್ಲಿ 1898ರಲ್ಲಿ ಅರಣ್ಯಶಾಲೆ ತೆರೆದ.

ಒಬ್ಬನೇ ಗುರುವಿನಿಂದ ಹೊರಟ ವಿದ್ಯೆ ಎರಡು ದೇಶಗಳಲ್ಲಿ ಎರಡು ದಾರಿ ಹಿಡಿಯಿತು. ನಮ್ಮಲ್ಲಿ ಇಲಾಖೆ ಮೊದಲು ಬಂತು, ವೃತ್ತಿ ಅದರ ಹಿಂದೆ ಬಂತು. 1865ರ ಕಾಯ್ದೆ, 1878ರ ಕಾಯ್ದೆ, ಅದೇ ವರ್ಷ ಡೆಹ್ರಾಡೂನಿನ ಶಾಲೆ, ಎಲ್ಲವೂ ಸರ್ಕಾರದ್ದು. 1873-74ರಲ್ಲಿ ಅಲಹಾಬಾದಿನಲ್ಲಿ ಅರಣ್ಯಾಧಿಕಾರಿಗಳು ಸಮ್ಮೇಳನ ಸೇರಿದ್ದೂ ಸರ್ಕಾರಿ ಕೆಲಸದ ಮೇಲೆಯೇ. ಅವರೆಲ್ಲ ಒಂದೇ ಧಣಿಯ ನೌಕರರು. ಕಾಡಿನ ಬಗ್ಗೆ ಧಣಿಯ ಅಭಿಪ್ರಾಯವೇ ವೃತ್ತಿಯ ಅಭಿಪ್ರಾಯ. ಅಮೆರಿಕದಲ್ಲೂ ಮೊದಲ ಏಳು ಜನ ಸರ್ಕಾರದ ಸಂಬಳವನ್ನೇ ಉಂಡವರು. ಆದರೆ ಅವರು ಇಲಾಖೆಯ ಪಕ್ಕದಲ್ಲೇ, ಇಲಾಖೆಯ ಕಡತಕ್ಕೆ ಸೇರದ ಒಂದು ಜಾಗ ಮಾಡಿಕೊಂಡರು. ಅವತ್ತು ಅದು ದೊಡ್ಡದಾಗಿ ಕಾಣಿಸಿರಲಾರದು.

ಆ ಜಾಗ ಯಾವುದೆಂದರೆ ಪಿಂಚೋನ ಮನೆ. ವಾಷಿಂಗ್ಟನ್ನಿನ ರೋಡ್ ಐಲೆಂಡ್ ಅವೆನ್ಯೂ, 1615ನೇ ನಂಬರು. ಗುರುವಾರ ಸಂಜೆ ಸಭೆ. ಯಾರಾದರೊಬ್ಬರು ಪ್ರಬಂಧ ಓದಬೇಕು, ಉಳಿದವರು ಅದನ್ನು ಹರಿದು ಹಂಚಬೇಕು. ಆಮೇಲೆ ತಿನ್ನಲಿಕ್ಕೆ ಒಲೆಯಲ್ಲಿ ಸುಟ್ಟ ಸೇಬು, ಶುಂಠಿ ರೊಟ್ಟಿ, ಕುಡಿಯಲು ಹಾಲು. ಮದ್ಯವಿಲ್ಲ. ಅರಣ್ಯಾಧಿಕಾರಿಗಳ ಕೂಟದಲ್ಲಿ ಹಾಲು ಎಂದರೆ ನಮ್ಮ ಇಲಾಖೆಯವರು ನಂಬುವುದು ಕಷ್ಟ, ಆದರೆ ನಿಜ. ಊರಿನವರು ಇದನ್ನು ‘ಸುಟ್ಟ ಸೇಬಿನ ಕ್ಲಬ್ಬು’ ಎಂದು ನಗುತ್ತಿದ್ದರು.

ನಗುತ್ತಿದ್ದವರು 1903ರ ಮಾರ್ಚ್ 26ರಂದು ಸ್ವಲ್ಪ ಸುಮ್ಮನಾಗಿರಬೇಕು. ಅವತ್ತು ಅದೇ ಮನೆಗೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಂದು ಫಾರೆಸ್ಟರ್‌ಗಳನ್ನು ಉದ್ದೇಶಿಸಿ ಮಾತಾಡಿದ. ಕಾಡು ಚೆಂದವೆಂದೋ ಕಾಡುಪ್ರಾಣಿಗಳಿಗೆ ಆಸರೆಯೆಂದೋ ಉಳಿಸುವುದು ಒಳ್ಳೆಯದೇ, ಆದರೆ ನಮ್ಮ ಅರಣ್ಯನೀತಿಯ ಮೊದಲ ಗುರಿ ಜನರ ಮನೆಗಳು ಸುಭಿಕ್ಷವಾಗುವುದು ಎಂಬುದು ಅವನ ಮಾತಿನ ತಿರುಳು. ಇದು ಪಿಂಚೋನ ಮನಸ್ಸಿನದೇ ಮಾತು. ಮುಂದೆ ಎಂಬತ್ತು ತೊಂಬತ್ತು ವರ್ಷ ಆ ಸಂಘ ಈ ಮಾತಿನ ಸುತ್ತಲೇ ಬಡಿದಾಡಿತು.

ಸದಸ್ಯತ್ವದ ವಿಷಯದಲ್ಲಿ ಇವರು ಬಿಗಿ. ಕಾಡಿನ ಮೇಲೆ ಪ್ರೀತಿಯಿದ್ದವರಿಗೆಲ್ಲ 1875ರಿಂದಲೇ ಅಮೆರಿಕನ್ ಫಾರೆಸ್ಟ್ರಿ ಅಸೋಸಿಯೇಷನ್ ಇತ್ತು. ಚಂದಾ ಕೊಟ್ಟ ಯಾರು ಬೇಕಾದರೂ ಅದರ ಸದಸ್ಯರಾಗಬಹುದಿತ್ತು. ಇಲ್ಲಿ ಹಾಗಲ್ಲ, ವಿದ್ಯೆ ಕಲಿತು ಕಾಡಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಪೂರ್ಣ ಸದಸ್ಯತ್ವ. ಇದರಲ್ಲಿ ಒಳ್ಳೆಯದೂ ಇತ್ತು, ಕೊಬ್ಬೂ ಇತ್ತು. ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವನ ತಿಳಿವಳಿಕೆಗೆ ಆ ಮನೆಯ ಬಾಗಿಲು ತೆರೆದಿರಲಿಲ್ಲ, ಮತ್ತು ಬಹುಕಾಲ ಅದು ಗಂಡಸರದೇ ಕೂಟ. ನಮ್ಮ ಭಾರತೀಯ ಅರಣ್ಯ ಸೇವೆಗೆ ಹೆಂಗಸರು ಬಂದದ್ದು 1980ರಲ್ಲಿ ಎಂಬುದು ನೆನಪಿದ್ದುದರಿಂದ ಇದರ ಮೇಲೆ ಹೆಚ್ಚು ಉಪದೇಶ ಮಾಡುವುದಿಲ್ಲ. 1905ರಿಂದ ಸಂಘ ತನ್ನ ಪ್ರಬಂಧಗಳನ್ನು ಅಚ್ಚು ಹಾಕಿಸತೊಡಗಿತು. ಕಾರ್ನೆಲ್‌ನಲ್ಲಿ ಹುಟ್ಟಿದ್ದ ಇನ್ನೊಂದು ಪತ್ರಿಕೆಯ ಜೊತೆ ಅದು 1917ರಲ್ಲಿ ಕೂಡಿಕೊಂಡು ‘ಜರ್ನಲ್ ಆಫ್ ಫಾರೆಸ್ಟ್ರಿ’ ಆಯಿತು. ಇವತ್ತಿಗೂ ಬರುತ್ತಿದೆ.

1910ರ ಜನವರಿಯಲ್ಲಿ ಏನಾಯಿತು ಎಂಬುದನ್ನು ನಮ್ಮವರು ಗಮನವಿಟ್ಟು ಕೇಳಬೇಕು. ಒಳಾಡಳಿತ ಇಲಾಖೆಯ ಮಂತ್ರಿಯ ಮೇಲೆ ಪಿಂಚೋ ಬಹಿರಂಗವಾಗಿ ತಿರುಗಿಬಿದ್ದ. ಅಧ್ಯಕ್ಷ ಟಾಫ್ಟ್ ಅವನನ್ನು ಕೆಲಸದಿಂದ ತೆಗೆದುಹಾಕಿದ. ಹುದ್ದೆ ಹೋಯಿತು, ಕುರ್ಚಿ ಹೋಯಿತು. ಸಂಘ ಮಾತ್ರ ಅವನನ್ನು ಬಿಡಲಿಲ್ಲ. ಸರ್ಕಾರ ಹೊರಗೆ ಹಾಕಿದವನನ್ನು ಅದೇ ವರ್ಷ ಮತ್ತೆ ತನ್ನ ಅಧ್ಯಕ್ಷನನ್ನಾಗಿ ಕೂರಿಸಿಕೊಂಡಿತು. ನಮ್ಮಲ್ಲಿ ಸಸ್ಪೆಂಡ್ ಆದ ಅಧಿಕಾರಿಯ ಮನೆಯ ಮುಂದೆ ಹಾದುಹೋಗುವಾಗ ಸಹೋದ್ಯೋಗಿಗಳು ಮೋಟಾರ್‌ಸೈಕಲ್ಲಿನ ವೇಗ ಹೆಚ್ಚಿಸುತ್ತಾರೆ. ನಾನು ನೋಡಿದ್ದೇನೆ. ಅವರು ಹೇಡಿಗಳಲ್ಲ, ರಾತ್ರಿ ಹೊತ್ತು ಒಂಟಿಯಾಗಿ ನಾಟಾ ಕಳ್ಳರ ಲಾರಿಗೆ ಅಡ್ಡ ನಿಂತವರೂ ಅವರಲ್ಲಿದ್ದರು. ಆದರೆ ಇಲಾಖೆ ಕೈಬಿಟ್ಟವನು ಹೋಗಿ ನಿಲ್ಲಬಹುದಾದ ಇನ್ನೊಂದು ಜಗಲಿ ನಮ್ಮ ವೃತ್ತಿಗೆ ಇರಲಿಲ್ಲ.

ಇನ್ನು ಅವರ ಜಗಳಗಳು. ದೊಡ್ಡದು 1919ರದ್ದು. ಅಮೆರಿಕದಲ್ಲಿ ಕಾಡಿನ ದೊಡ್ಡ ಪಾಲು ಖಾಸಗಿಯವರದು; ನಾಟಾ ಕಂಪನಿಗಳು ಒಂದು ಸೀಮೆ ಬೋಳು ಮಾಡಿ ಮುಂದಿನ ಸೀಮೆಗೆ ಹೋಗುತ್ತಿದ್ದವು. ಪಿಂಚೋನ ನೇತೃತ್ವದ ಸಂಘದ ಸಮಿತಿಯೊಂದು, ಖಾಸಗಿ ಕಾಡಿನ ಕಡಿತಕ್ಕೂ ಕೇಂದ್ರ ಸರ್ಕಾರವೇ ಕಡಿವಾಣ ಹಾಕಬೇಕೆಂದು ವರದಿ ಕೊಟ್ಟಿತು. ಜರ್ನಲ್ ಅದನ್ನು ಅಚ್ಚು ಹಾಕಿತು. ಸಂಘ ಎರಡಾಗಿ ಸೀಳಿತು. ಆಗ ಅರಣ್ಯ ಇಲಾಖೆಯ ಮುಖ್ಯಸ್ಥನಾಗಿದ್ದವನು ಗ್ರೇವ್ಸ್, ಮೊದಲ ಏಳು ಜನರಲ್ಲಿ ಒಬ್ಬ. ಅದನ್ನು ರಾಜ್ಯಗಳಿಗೆ ಬಿಡೋಣ, ಕೇಂದ್ರ ನೆರವು ಕೊಟ್ಟರೆ ಸಾಕು ಎಂದು ಅವನ ವಾದ. ಅವನ ನಂತರ ಬಂದ ವಿಲಿಯಂ ಗ್ರೀಲಿ ಕಂಪನಿಗಳ ಜೊತೆ ಸಹಕಾರದ ದಾರಿ ಹಿಡಿದ. 1924ರ ಕ್ಲಾರ್ಕ್-ಮ್ಯಾಕ್‌ನಾರಿ ಕಾಯ್ದೆ ಗ್ರೀಲಿಯ ದಾರಿಯನ್ನೇ ಹಿಡಿಯಿತು. ಪಿಂಚೋ ಸೋತ. ಆದರೆ ಹಾಲಿ ಮುಖ್ಯಸ್ಥನೂ ಮಾಜಿ ಮುಖ್ಯಸ್ಥನೂ ಒಂದೇ ಸಂಘದೊಳಗೆ, ಕಿರಿಯರ ಕಣ್ಣೆದುರು ಕಿತ್ತಾಡಿದರು. ಕಿರಿಯರೂ ಸುಮ್ಮನೆ ಕೂರದೆ ಪಕ್ಷ ಕಟ್ಟಿದರು. ಡಿಎಫ್‌ಓ ಸಾಹೇಬರ ಟಿಪ್ಪಣಿಯ ಕೆಳಗೆ ‘ಒಪ್ಪಿದೆ’ ಎಂದಲ್ಲದೆ ಬೇರೇನೂ ಬರೆಯದ ನನಗೆ ಇದು ಓದಲಿಕ್ಕೆ ಒಂದು ಬಗೆಯ ಸುಖ.

1934ರಲ್ಲಿ ಇನ್ನೊಂದು ಸುತ್ತು. ಪಿಂಚೋ, ರಾಫೆಲ್ ಜಾನ್, ಬಾಬ್ ಮಾರ್ಷಲ್ ಸೇರಿ ಹನ್ನೆರಡು ಮಂದಿ ಸಂಘದ ಮಂಡಳಿಗೆ ಮನವಿ ಕೊಟ್ಟರು: ಜರ್ನಲ್ ನಾಟಾ ವ್ಯಾಪಾರದ ಧಾಟಿಗೆ ಬಿದ್ದಿದೆ, ಸಮಾಜದ ಹಿತ ಮರೆತಿದೆ. ಮಾರ್ಷಲ್ ಹಿಂದಿನ ವರ್ಷವಷ್ಟೇ ಕಾಡೆಲ್ಲ ಜನರ ಸ್ವತ್ತಾಗಬೇಕೆಂದು ಪುಸ್ತಕ ಬರೆದಿದ್ದ ಬಿಸಿರಕ್ತದ ಹುಡುಗ. ಕಾಡಿನಲ್ಲಿ ಒಂದೇ ದಿನದಲ್ಲಿ ಮೂವತ್ತು ನಲವತ್ತು ಮೈಲಿ ನಡೆಯುವವನು. ಕಡೆಗೆ ಪತ್ರಿಕೆಯ ಸಂಪಾದಕ ಬದಲಾದ. ಆಗಿನ ಸಂಘದ ಅಧ್ಯಕ್ಷ, ಯೇಲ್‌ನ ಮೇಷ್ಟ್ರು ಎಚ್.ಎಚ್. ಚಾಪ್‌ಮನ್, ಇದರ ನಡುವೆಯೇ ಇನ್ನೊಂದು ಕೆಲಸ ಮಾಡಿದ. ದೇಶದ ಅರಣ್ಯಶಾಲೆಗಳನ್ನು ತೂಗಿ ನೋಡಿ, ಯಾವುದು ಮಾನ್ಯ, ಯಾವುದು ಅಲ್ಲ ಎಂದು 1935ರಲ್ಲಿ ಪಟ್ಟಿ ಮಾಡಿಸಿದ. ಅಲ್ಲಿಂದ ಮುಂದೆ ಆ ದೇಶದಲ್ಲಿ ಅರಣ್ಯಪದವಿಯ ಯೋಗ್ಯತೆ ನಿಶ್ಚಯಿಸುವ ಕೆಲಸ ಸಂಘದ್ದಾಯಿತು. ನಮ್ಮಲ್ಲಿ ಆ ಯೋಗ್ಯತೆಯನ್ನು ನೇಮಕಾತಿ ನಿಯಮ ನಿಶ್ಚಯಿಸುತ್ತದೆ.

ಸಂಘದ ನೀತಿಸಂಹಿತೆ ಬಂದದ್ದು 1948ರಲ್ಲಿ. ಫಾರೆಸ್ಟರನು ಸಾರ್ವಜನಿಕರ ಜೊತೆ, ಕೆಲಸ ಕೊಟ್ಟವನ ಜೊತೆ, ಸಹೋದ್ಯೋಗಿಗಳ ಜೊತೆ ಹೇಗಿರಬೇಕು ಎಂದೆಲ್ಲ ಅದರಲ್ಲಿತ್ತು. ಕಾಡಿನ ಜೊತೆ ಹೇಗಿರಬೇಕು ಎಂಬುದು ಇರಲಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಆಲ್ಡೊ ಲಿಯೊಪೋಲ್ಡ್ ತೀರಿಕೊಂಡಿದ್ದ, ನೆರೆಯವರ ಹುಲ್ಲುಗಾವಲಿಗೆ ಬಿದ್ದ ಬೆಂಕಿ ನಂದಿಸಲು ಹೋಗಿ. ಯೇಲ್‌ನಲ್ಲಿ ಕಲಿತ ಫಾರೆಸ್ಟರ್, ಇದೇ ಸಂಘದ ಸದಸ್ಯ. ನೆಲ, ನೀರು, ಗಿಡ, ಪ್ರಾಣಿ ಎಲ್ಲದರ ಜೊತೆಗೂ ಮನುಷ್ಯನಿಗೆ ಧರ್ಮದ ಸಂಬಂಧವಿದೆ ಎಂದು ಅವನು ಬರೆದ ಪುಸ್ತಕ ಮರುವರ್ಷ ಅಚ್ಚಾಯಿತು. ಊರಿಗೆಲ್ಲ ಅದು ಪಾಠಪುಸ್ತಕವಾಯಿತು; ಅವನ ಸ್ವಂತ ಸಂಘದ ಸಂಹಿತೆಯೊಳಗೆ ನೆಲದ ಧರ್ಮವನ್ನು ಸೇರಿಸಿದ್ದು 1992ರಲ್ಲಿ. ನಲವತ್ತನಾಲ್ಕು ವರ್ಷ.

ತಡವೇಕಾಯಿತೆಂದು ಊಹಿಸುವುದು ಕಷ್ಟವಲ್ಲ. ಯುದ್ಧ ಮುಗಿದ ಮೇಲೆ ಮನೆ ಕಟ್ಟುವ ಭರಾಟೆ, ಕಂಪನಿಗಳಲ್ಲಿ ಸಾವಿರಾರು ಫಾರೆಸ್ಟರ್ ಕೆಲಸ. ಸಂಘದ ಚಂದಾ ಕಟ್ಟುವವರಲ್ಲಿ ಬಹಳ ಜನ ನಾಟಾದ ಅನ್ನ ಉಣ್ಣುವವರು. ಸುಟ್ಟ ಸೇಬಿನ ಕಾಲದ ಏಳು ಜನರನ್ನು ಇವತ್ತು ಕೆಲವರು ಋಷಿಗಳೆಂಬಂತೆ ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ಕಾಡೆಂದರೆ ಬೆಳೆ, ಫಾರೆಸ್ಟರ್ ಎಂದರೆ ಅದರ ಒಕ್ಕಲಿಗ ಎಂಬ ಬೀಜ ಬಿತ್ತಿದವರು ಅವರೇ. ಅದರ ಫಲ 1960ರ ದಶಕದಲ್ಲಿ ಮೊಂಟಾನಾದ ಬಿಟರ್‌ರೂಟ್ ಕಣಿವೆಯಲ್ಲಿ ಕಂಡಿತು. ಇಳಿಜಾರುಗಳನ್ನು ಪೂರ್ತಿ ಬೋಳಿಸಿ, ಸಸಿ ನೆಡಲೆಂದು ಮಣ್ಣನ್ನು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿದ್ದರು. 1970ರಲ್ಲಿ ಅಲ್ಲಿನ ಅರಣ್ಯ ಕಾಲೇಜಿನ ಡೀನ್ ಆರ್ನಲ್ಡ್ ಬೊಲ್ಲೆ ಮತ್ತು ಸಂಗಡಿಗ ಪ್ರಾಧ್ಯಾಪಕರು ಇಲಾಖೆಯನ್ನು ಬಿಡದೆ ತರಾಟೆಗೆ ತೆಗೆದುಕೊಂಡು ವರದಿ ಬರೆದರು. ಬೊಲ್ಲೆ ಹೊರಗಿನವನಲ್ಲ, ಅದೇ ವಿದ್ಯೆಯ ಮೇಷ್ಟ್ರು. ಇಲಾಖೆಯ ಅಧಿಕಾರಿಗಳನ್ನು ತಯಾರು ಮಾಡುವ ಕೈಯೇ ಬರೆದದ್ದರಿಂದ ಆ ವರದಿಯನ್ನು ಮೂಲೆಗೆ ಸರಿಸಲು ಆಗಲಿಲ್ಲ. 1976ರಲ್ಲಿ ರಾಷ್ಟ್ರೀಯ ಅರಣ್ಯಗಳ ನಿರ್ವಹಣೆಗೆ ಹೊಸ ಕಾಯ್ದೆಯೇ ಬಂತು.

ನಮ್ಮ ಜಿಲ್ಲೆಯಲ್ಲಿ ಅಂಥದೇ ಗಳಿಗೆ 1983ರ ಸೆಪ್ಟೆಂಬರ್ 8. ಶಿರಸಿ ತಾಲೂಕಿನ ಸಾಲ್ಕಣಿ ಕಡೆಯ ಕಾಡಿನಲ್ಲಿ ಊರವರು ಹೋಗಿ ಮರ ತಬ್ಬಿಕೊಂಡರು, ಅಪ್ಪಿಕೋ ಚಳವಳಿ ಶುರುವಾಯಿತು. ನಾಟಾ ಕೂಪಿನಲ್ಲಿ ಕಡಿಯಲೆಂದು ಗುರುತಿಸಿದ್ದು ಎಷ್ಟು, ಬೀಳುವ ಮರದ ಹೊಡೆತಕ್ಕೆ ಪಕ್ಕದಲ್ಲಿ ಸಾಯುವ ಮರ ಎಷ್ಟು ಎಂಬುದು ಊರವರಿಗಿಂತ ಮೊದಲು ಗಾರ್ಡ್‌ಗೆ ಗೊತ್ತಿತ್ತು, ಫಾರೆಸ್ಟರ್‌ಗೆ ಗೊತ್ತಿತ್ತು, ರೇಂಜರ್‌ಗೂ ಗೊತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಡಿಪೋ ಕ್ವಾರ್ಟರ್ಸಿನಲ್ಲಿ ಅದೇ ಮಾತು. ಆದರೆ ಹೇಳುವುದು ಯಾರಿಗೆ? ಮೇಲಿನವರಿಗೆ ಬರೆದರೆ ಇಲಾಖೆಯ ಕಡಿತ ಯೋಜನೆಯಾದ ವರ್ಕಿಂಗ್ ಪ್ಲಾನನ್ನೇ ಪ್ರಶ್ನಿಸಿದಂತೆ, ಪೇಪರಿಗೆ ಬರೆದರೆ ನಡತೆ ನಿಯಮ ಮುರಿದಂತೆ. ನಾವು ಕೆಲವರಿದ್ದ ಸಂಘವೊಂದರ ಸಭೆ ಆ ವರ್ಷವೂ ನಡೆಯಿತು. ಸಮವಸ್ತ್ರ ಭತ್ಯೆ, ವರ್ಗಾವಣೆ, ಬಡ್ತಿಯ ಕೋಟಾ ಮೂರರ ಮೇಲೂ ಬಿಸಿಬಿಸಿ ಚರ್ಚೆಯಾಯಿತು. ಅವು ಸಣ್ಣ ವಿಷಯಗಳು ಎಂದು ನಾನು ಹೇಳುವುದಿಲ್ಲ. ಮಳೆಗಾಲಕ್ಕೆ ಬೂಟು ಇಲ್ಲದ ವಾಚರ್‌ಗೆ ಅದಕ್ಕಿಂತ ದೊಡ್ಡ ವಿಷಯವಿಲ್ಲ. ಕಾಡಿನ ವಿಷಯ ಮಾತ್ರ ಪಟ್ಟಿಯಲ್ಲಿರಲಿಲ್ಲ.

ಅಮೆರಿಕದ ರಾಜ್ಯಗಳಲ್ಲಿ ಇಲಾಖೆಯ ಹೊರಗೆ ವೃತ್ತಿಗೊಂದು ಜಾಗವಿಡುವ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಘಕ್ಕೆ ರಾಜ್ಯ ಶಾಖೆಗಳಿವೆ, ಅವುಗಳ ಕೆಳಗೆ ಊರು ಕಡೆಯ ಘಟಕಗಳಿವೆ. ಪದಾಧಿಕಾರಿಗಳನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಕಾಡು ಸುತ್ತಿ ನೋಡುವುದು, ಪ್ರಬಂಧ ಓದುವುದು ನಡೆದೇ ಇದೆ. ಇದರ ಜೊತೆಗೆ ಕೆಲವು ರಾಜ್ಯಗಳು ಕಾನೂನಿನಿಂದಲೇ ಫಾರೆಸ್ಟರ್‌ಗೆ ಪರವಾನಗಿ ಇಟ್ಟವು. ಜಾರ್ಜಿಯಾದಲ್ಲಿ 1951ರಿಂದ ನೋಂದಣಿ ಮಂಡಳಿಯಿದೆ. ಕ್ಯಾಲಿಫೋರ್ನಿಯಾ 1972ರಲ್ಲಿ ಕಾಯ್ದೆ ಮಾಡಿತು. ಅಲ್ಲಿ ಖಾಸಗಿ ಜಮೀನಿನ ನಾಟಾ ಕಡಿಯಬೇಕಾದರೆ ಕಡಿತದ ಯೋಜನೆಯನ್ನು ನೋಂದಾಯಿತ ಫಾರೆಸ್ಟರನೇ ತಯಾರಿಸಿ, ತನ್ನ ಹೆಸರು, ಪರವಾನಗಿ ನಂಬರು ಹಾಕಿ ಸಹಿ ಮಾಡಬೇಕು. ಕೆಲಸದಲ್ಲಿ ಮೋಸ ಮಾಡಿದರೆ ಪರವಾನಗಿ ಹೋಗುತ್ತದೆ. ಕೂಲಿ ಕೊಡುವವನು ಜಮೀನಿನ ಮಾಲೀಕ, ಅದೂ ನಿಜ, ಅದರಿಂದ ಬರುವ ಒತ್ತಡವೂ ಉಂಟು. ಆದರೂ ‘ಆಗುವುದಿಲ್ಲ’ ಎಂದು ಹೇಳಬೇಕಾದಾಗ ಅವನು ತೋರಿಸಲು ಒಂದು ಕಾಗದವಾದರೂ ಇದೆ. ಸಂಘವೂ 1994ರಿಂದ ತನ್ನದೇ ಪ್ರಮಾಣಪತ್ರ ಕೊಡುತ್ತಿದೆ. ಅದನ್ನು ಉಳಿಸಿಕೊಳ್ಳಲು ಆಗಾಗ ಹೊಸದನ್ನು ಕಲಿಯುತ್ತಿರಬೇಕು. ನಾನು ಕೊಯಮತ್ತೂರಿನಲ್ಲಿ ಕಲಿತದ್ದನ್ನೇ ನಿವೃತ್ತಿಯ ದಿನದ ತನಕ ಉಜ್ಜಿದೆ, ಯಾರೂ ಕೇಳಲಿಲ್ಲ.

ಈಗ ನಾವು ನಿವೃತ್ತರು ಕೆಲವರು ಧಾರವಾಡದಲ್ಲಿ ಆಗಾಗ ಸೇರುತ್ತೇವೆ. ಗುಂಪಿಗೆ ನಿಯಮಾವಳಿ ಮಾಡುವ ಮಾತು ಬಂದಾಗ, ವರ್ಷಕ್ಕೆ ಎರಡು ಸಲವಾದರೂ ಯಾವುದಾದರೂ ರೇಂಜಿಗೆ ಹೋಗಿ ಕಂಡದ್ದನ್ನು ಕಂಡಂತೆ ಬರೆದು ಅಚ್ಚು ಹಾಕಿಸೋಣ ಎಂದೆ. ನಡತೆ ನಿಯಮದ ಭಯ ಈಗ ನಮಗಿಲ್ಲವಲ್ಲ.

“ಚಲೋ ವಿಚಾರ್ರೀ ಸಾಹೇಬ್ರ,” ಎಂದರು ಹಿಂದೆ ನನ್ನ ಕೈಕೆಳಗೆ ಫಾರೆಸ್ಟರ್ ಆಗಿದ್ದವರು. “ಆದ್ರ ನನ್ನ ಮಗಾ ಇನ್ನೂ ಇಲಾಖೆದಾಗ ಅದಾನ್ರೀ. ನನ್ನ ಹೆಸರ ಒಂದ್ ಬಿಟ್ಟು ಬರೀರಿ.”

“ಹೆಸರಿಲ್ಲದ ವರದಿ ಯಾರ್ ಓದ್ತಾರ?” ಎಂದರು ಇನ್ನೊಬ್ಬರು.

ಅರ್ಧ ತಾಸು ವಾದವಾಯಿತು. ಕಡೆಗೆ ಮೂವರು ಹೆಸರು ಹಾಕಲು ಒಪ್ಪಿದರು. ಮೊದಲ ಸುತ್ತಾಟಕ್ಕೆ ಹಳಿಯಾಳದ ಕಡೆಯ ಹಳೆಯ ತೇಗದ ನೆಡುತೋಪೊಂದನ್ನು ಆರಿಸಿದ್ದೇವೆ, ಮಳೆ ನಿಂತ ಮೇಲೆ. ಚಹಾದ ಖರ್ಚು ಅವರವರದು.